ಬೋರ್: ಅಳತೆಯಲ್ಲ, ಎಣಿಕೆ

‘12 ಬೋರ್ ಅಂದ್ರೆ 12 ಮಿಲಿಮೀಟರ್ ತೂತು.’ ಹಳೆಯ ಜೋಡುನಳಿಗೆ ಕೋವಿ ಕೊಳ್ಳಲು ಹೊರಟವರ ಬಾಯಲ್ಲಿ ಇದನ್ನು ಎಷ್ಟು ಸಲ ಕೇಳುವುದು? ಜೊತೆಗೆ ‘ಡಬಲ್ ಬೋರ್ ಕೋವಿ’ ಬೇರೆ. ಎರಡಿರುವುದು ನಳಿಗೆ, ಅಂದರೆ ಬ್ಯಾರಲ್. ಬೋರ್ ಅದರೊಳಗಿನ ತೂತು.

ಬೋರ್ ಎಂದರೆ ಕೊರೆಯುವುದು. ಬೋರ್‌ವೆಲ್‌ನಲ್ಲಿರುವುದೂ ಇದೇ ಪದ. ಕೊರೆದ ತೂತಿಗೂ ಅದೇ ಹೆಸರು ಬಂತು. ಆದರೆ ಹಿಂದಿರುವ 12 ಅಳತೆಯಲ್ಲ, ಎಣಿಕೆ. ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಸೀಸವನ್ನು 12 ಸಮ ಗುಂಡುಗಳಾಗಿ ಎರಕ ಹೊಯ್ಯಿರಿ. ಒಂದೊಂದೂ 37.8 ಗ್ರಾಂ ತೂಗುತ್ತದೆ, 18.5 ಮಿಲಿಮೀಟರ್ ಅಗಲವಿರುತ್ತದೆ. ಆ ಗುಂಡು ಹಿಡಿಸುವ ತೂತೇ 12 ಬೋರ್. ಅದೇ ಸೀಸದಲ್ಲಿ 20 ಗುಂಡು ಮಾಡಿದರೆ ಗುಂಡು ಚಿಕ್ಕದಾಗುತ್ತದೆ, ಅಲ್ವಾ? ಅದಕ್ಕೇ 20 ಬೋರ್ ತೂತು 15.6 ಮಿಲಿಮೀಟರ್ ಮಾತ್ರ. .410 ಎಂಬ ಸಣ್ಣ ತೂತಿನ ಕೋವಿ ಒಂದು ಈ ಲೆಕ್ಕಕ್ಕೆ ಸೇರುವುದಿಲ್ಲ. ಅದು ನೇರವಾಗಿ ಇಂಚಿನ ಅಳತೆ.

ಇದು ಸುಮ್ನೆ ಪದದ ಜಗಳವಲ್ಲ. 1954ಕ್ಕಿಂತ ಹಿಂದಿನ ಬ್ರಿಟಿಷ್ ಕೋವಿಯನ್ನು ಬಿಚ್ಚಿ ನಳಿಗೆಯ ಅಡಿ ನೋಡಿದರೆ ‘13’ ಎಂಬ ಮುದ್ರೆ ಸಿಗಬಹುದು. ಮಾರುವವರು 12 ಬೋರ್ ಎಂದಿರುತ್ತಾರೆ. ಮೋಸ ಎಂದುಕೊಳ್ಳಬೇಡಿ. ತೋಟಾ 12ರದ್ದೇ, ತೂತನ್ನು ತುಸು ಬಿಗಿಯಾಗಿ ಕೊರೆದಿದ್ದಾರೆ. 13 ಎಂದರೆ .710 ಇಂಚು, 13/1 ಎಂದರೆ .719, 12 ಎಂದರೆ .729. ಜಾಸ್ತಿ ಮದ್ದು ಹಾಕಿ ಸಿಡಿಸಿ ಪರೀಕ್ಷಿಸಿದಾಗ, ಅಂದರೆ ಪ್ರೂಫ್ ಮಾಡಿದಾಗ, ಇದ್ದ ಅಳತೆ ಅದು. ಈಗ ತೋಟಾ ಹಾಕುವ ತುದಿಯಿಂದ 9 ಇಂಚು ಒಳಗೆ ಬೋರ್ ಗೇಜ್ ಇಟ್ಟು ಅಳೆಯಿರಿ. ಮುದ್ರೆ 13 ಇದ್ದು ಅಳತೆ .719 ಬಂದರೆ, ಯಾರೋ ತುಕ್ಕಿನ ಗುಳಿಗಳನ್ನು ಉಜ್ಜಿ ತೆಗೆದಿದ್ದಾರೆ. ಆ ಹಳೆಯ ಪರೀಕ್ಷೆ ಇನ್ನು ಲೆಕ್ಕಕ್ಕಿಲ್ಲ. ಒಳಗೆ ಕನ್ನಡಿಯ ಹಾಗೆ ಹೊಳೆಯುತ್ತದೆ ಎಂದು ಖುಷಿಪಡುವವರು ಮೊದಲು ಇದನ್ನು ನೋಡಬೇಕು. ನಳಿಗೆಯ ಗೋಡೆಯ ದಪ್ಪ ಬೇರೆಯೇ ಅಳತೆ. ಅದನ್ನು ಎರಡೂ ನಳಿಗೆಗಳಲ್ಲಿ, ಉದ್ದಕ್ಕೂ ಅಳೆಸಬೇಕು.

ಬೋರ್ ಹೊಂದಿದರೆ ಯಾವ 12ರ ತೋಟಾ ಆದರೂ ನಡೆಯುತ್ತದೆ ಎನ್ನುವುದೂ ತಪ್ಪು. ಎಷ್ಟೋ ಹಳೆಯ ಕೋವಿಗಳಲ್ಲಿ ತೋಟಾ ಕೂರುವ ಚೇಂಬರ್ 65 ಮಿಲಿಮೀಟರ್ ಉದ್ದ. ಈಗಿನ 70ರ ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಏಕೆಂದರೆ 70 ಎನ್ನುವುದು ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಸಿಡಿದಾಗ ಆ ಬಾಯಿ ಮುಂದಿನ ಕಿರಿದಾದ ಜಾಗಕ್ಕೆ ಚಾಚಿಕೊಂಡು ಒತ್ತಡ ಏರುತ್ತದೆ. ಒಳಗೆ ಹೋಯಿತಲ್ಲ ಎಂದು ಕುದುರೆ ಎಳೆಯಬೇಡಿ.