ಜೂನ್‌ನಲ್ಲಿ ತಂದ ಪಂಪು

ಆಗಸ್ಟ್ ಕೊನೆಯ ವಾರ. ಶಿರಸಿಯಲ್ಲಿ ಮೂರು ದಿನದಿಂದ ಬಿಡದೆ ಮಳೆ. ತೋಟದ ಮನೆಯ 9 ವರ್ಷದ ಮಾಣಿಯೊಬ್ಬ ನನ್ನ ಮೇಜಿಗೆ ಎರಡೂ ಕೈ ಊರಿ, ಭುಜ ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದ. ಸ್ಟೆತಸ್ಕೋಪ್ ಇಡುವ ಮೊದಲೇ ಸುಂಯ್ ಸುಂಯ್ ಕೇಳಿಸುತ್ತಿತ್ತು.

"ಪಂಪು ಒಂದು ದಿನವೂ ತಪ್ಪಿಸಿಲ್ಲ ಡಾಕ್ಟ್ರೇ. ಆದ್ರೂ ಹೀಗೆ," ಅಂದರು ತಾಯಿ. ದನಿಯಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. ಪಂಪು ಅಂದರೆ ಅಸ್ತಮಾದ ಔಷಧವನ್ನು ಉಸಿರಿನ ಜೊತೆ ಎಳೆದುಕೊಳ್ಳುವ ಇನ್‌ಹೇಲರ್.

ಮೊದಲು ಉಬ್ಬಸ ಇಳಿಸಿದ್ದಾಯಿತು. ಹುಡುಗ ಬಿಸ್ಕೆಟ್ ತಿನ್ನುವಷ್ಟು ಆರಾಮಾದ ಮೇಲೆ ಪಂಪು ತೋರಿಸಿ ಅಂದೆ. ಫೈಲಿನ ಜೊತೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ತಂದಿದ್ದರು. ಯಾವಾಗ ಶುರು ಮಾಡಿದ್ದು ಇದನ್ನ? ಶಾಲೆ ಶುರುವಾದಾಗ ನೀವೇ ಬರೆದುಕೊಟ್ಟದ್ದಲ್ವಾ, ಜೂನ್ 5ಕ್ಕೆ ಅಂದರು. ಡಬ್ಬಿಯ ಮೇಲೆ 200 ಡೋಸ್ ಅಂತ ಅಚ್ಚಾಗಿದೆ. ಬೆಳಿಗ್ಗೆ 2, ರಾತ್ರಿ 2, ದಿನಕ್ಕೆ 4. ಅಂದರೆ 50 ದಿನ. ಜುಲೈ 24ರ ರಾತ್ರಿಗೇ ಔಷಧ ಮುಗಿದಿದೆ. ಅಲ್ಲಿಂದ ಒಂದು ತಿಂಗಳು ಆ ಮಗು ಬರೀ ಗಾಳಿ ಎಳೆದಿದೆ.

ನೆನಪಿಟ್ಟು, ಒಂದು ಹೊತ್ತೂ ತಪ್ಪಿಸದೆ ಕೊಟ್ಟದ್ದಕ್ಕೇ ಲೆಕ್ಕ ಸರಿಯಾಗಿ ಮುಗಿದದ್ದು! ಮರೆತು ಮರೆತು ಕೊಡುವ ಮನೆಯಾಗಿದ್ದರೆ ಇನ್ನೂ ಸ್ವಲ್ಪ ಉಳಿದಿರುತ್ತಿತ್ತು. ಡಬ್ಬಿಯೊಳಗೆ ಔಷಧದ ಜೊತೆ ಅದನ್ನು ಹೊರಗೆ ತಳ್ಳುವ ಅನಿಲವೂ ಇರುತ್ತದೆ. ಬರೆದ ಡೋಸ್ ಮುಗಿದ ಮೇಲೂ ಅನಿಲ ಸ್ವಲ್ಪ ಉಳಿದಿರುತ್ತದೆ. ಒತ್ತಿದರೆ ಪುಸ್ ಅನ್ನುತ್ತದೆ, ಅಲ್ಲಾಡಿಸಿದರೆ ಸದ್ದೂ ಬರುತ್ತದೆ. ಯಾರಿಗೆ ಗೊತ್ತಾಗಬೇಕು? ಕೆಲವು ಪಂಪಿನಲ್ಲಿ ಎಷ್ಟು ಉಳಿದಿದೆ ಅಂತ ತೋರಿಸುವ ಅಂಕಿ ಇರುತ್ತದೆ, ಇದರಲ್ಲಿ ಇರಲಿಲ್ಲ. ಬರೆದುಕೊಟ್ಟ ದಿನ ಈ ಲೆಕ್ಕ ಹೇಳಿಕೊಡಬೇಕಾದವನು ನಾನು. ಹೇಳಿರಲಿಲ್ಲ.

ನಮ್ಮ ಕಡೆ ಇಂಥ ಮಕ್ಕಳಿಗೆ "ಅವನದ್ದು ಶೀತದ ಪ್ರಕೃತಿ" ಅಂತ ಹೇಳಿ ಮುಗಿಸುವ ರೂಢಿ. ಆ ಮಾತು ಅರ್ಧ ನಿಜ. ಅಲರ್ಜಿ ಅಪ್ಪ ಅಮ್ಮನ ಕಡೆಯಿಂದ ಬರುವುದುಂಟು. ಆದರೆ ಪ್ರಕೃತಿ ಅಂದುಬಿಟ್ಟರೆ ಅದಕ್ಕೆ ಮದ್ದು ಬೇಡ ಅಂತಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಸೀನು, ನೀರಿನಂಥ ಸಿಂಬಳ, ಮೂಗು ಕಣ್ಣು ತುರಿಕೆ, ಜ್ವರ ಮಾತ್ರ ಇಲ್ಲ, ವಾರಗಟ್ಟಲೆ ಹೀಗೇ ಅಂದರೆ ಅದು ಸಾಮಾನ್ಯ ನೆಗಡಿ ಅಲ್ಲ, ಮೂಗಿನ ಅಲರ್ಜಿ. ಅಂಗೈಯಿಂದ ಮೂಗಿನ ತುದಿಯನ್ನು ಮೇಲಕ್ಕೆ ಉಜ್ಜಿ ಉಜ್ಜಿ ಕೆಲವು ಮಕ್ಕಳಿಗೆ ಮೂಗಿನ ಮೇಲೆ ಅಡ್ಡಗೆರೆಯೇ ಬಿದ್ದಿರುತ್ತದೆ. ಈ ಮಾಣಿಗೂ ಇತ್ತು. ಕಣ್ಣ ಕೆಳಗೆ ಕಪ್ಪು, ರಾತ್ರಿ ಬಾಯಿ ತೆರೆದು ನಿದ್ದೆ, ಗೊರಕೆ. ಇಂಥ ಮಗು ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸುತ್ತದೆ. ಓದಿನಲ್ಲಿ ಗಮನ ಇಲ್ಲ ಅಂತ ಬೈಸಿಕೊಳ್ಳುತ್ತದೆ. ಅದರ ಮೇಲೆ ನಿದ್ದೆ ಬರಿಸುವ ಹಳೇ ಶೀತದ ಸಿರಪ್ ಕೊಟ್ಟರೆ ಕೇಳುವುದೇ ಬೇಡ.

ಮೂಗು, ಶ್ವಾಸಕೋಶ ಬೇರೆ ಬೇರೆ ಅಲ್ಲ, ಒಂದೇ ದಾರಿಯ ಎರಡು ತುದಿ. ಮೇಲಿನ ತುದಿಯಲ್ಲಿ ಊತ ಇದ್ದರೆ ಕೆಳಗಿನದ್ದೂ ಸುಮ್ನೆ ಇರುವುದಿಲ್ಲ. ಅಸ್ತಮಾ ಇರುವ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಮೂಗಿನ ಅಲರ್ಜಿಯೂ ಇರುತ್ತದೆ. ಮೂಗನ್ನು ಬಿಟ್ಟು ಬರೀ ಉಬ್ಬಸಕ್ಕೆ ಔಷಧ ಕೊಟ್ಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮೂಗಿನ ಸ್ಪ್ರೇ ಇವತ್ತು ಹೊಡೆದು ನಾಳೆ ಗುಣ ಆಗುವಂಥದ್ದಲ್ಲ. ಪೂರ್ತಿ ಕೆಲಸ ಮಾಡಲು ಒಂದೆರಡು ವಾರ ಬೇಕು. ನಮ್ಮವರು ನಾಲ್ಕನೇ ದಿನಕ್ಕೇ ನಾಟಲಿಲ್ಲ ಅಂತ ಬಿಡುತ್ತಾರೆ. ಹೊಡೆಯುವಾಗ ತುದಿ ಮೂಗಿನ ನಡುಗೋಡೆಗೆ ಅಲ್ಲ, ಅದೇ ಬದಿಯ ಕಣ್ಣಿನ ಹೊರತುದಿಯ ಕಡೆಗೆ ಇರಬೇಕು. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ ಅಂತ ಇಟ್ಟುಕೊಂಡರೆ ತಾನಾಗಿ ಸರಿಹೋಗುತ್ತದೆ.

ಇನ್ನು ಪಂಪಿನ ಭಯ. "ಅಭ್ಯಾಸ ಆಗ್ತು ಹೇಳ್ತ, ಅಲ್ದಾ ಡಾಕ್ಟ್ರೇ?" ಅಂತ ಜೊತೆಗೆ ಬಂದಿದ್ದ ಅಜ್ಜಿ ಮೆಲ್ಲಗೆ ಕೇಳಿದರು. ಆಗುವುದಿಲ್ಲ ಅಜ್ಜಿ. ಕನ್ನಡಕ ಹಾಕಿದರೆ ಅಭ್ಯಾಸ ಆಗುತ್ತದೆ ಅಂತ ಯಾರೂ ಕಣ್ಣು ಕಾಣದೆ ಕೂರುವುದಿಲ್ಲವಲ್ಲ. ಸಿರಪ್ ಆದರೆ ಪರವಾಗಿಲ್ಲ, ಪಂಪು ಬೇಡ ಅನ್ನುವವರಿಗೆ ನಾನು ಒಂದು ಲೆಕ್ಕ ಹೇಳುತ್ತೇನೆ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಅನ್ನುವ ಔಷಧದ ಸಿರಪ್ 5 ಮಿಲಿಯಲ್ಲಿ 2 ಮಿಲಿಗ್ರಾಂ ಇರುತ್ತದೆ. ಅದೇ ಔಷಧದ ಪಂಪು ಒಮ್ಮೆ ಒತ್ತಿದರೆ 100 ಮೈಕ್ರೋಗ್ರಾಂ, ಅಂದರೆ 20ರಲ್ಲಿ ಒಂದು ಪಾಲು. ಸಿರಪ್ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಡವಡವ ಮಾಡಿಸಿ ಕೊನೆಗೆ ಶ್ವಾಸಕೋಶಕ್ಕೆ ಬರುತ್ತದೆ. ಪಂಪಿನದ್ದು ನೇರ ಹೋಗಿ ಕೂರುತ್ತದೆ.

ಪಂಪಿನಲ್ಲಿ ಎರಡು ಜಾತಿ. ಒಂದು, ಸಾಮಾನ್ಯವಾಗಿ ನೀಲಿ ಬಣ್ಣದ್ದು, ಉಬ್ಬಸ ಬಂದಾಗ ಆ ಕ್ಷಣಕ್ಕೆ. ಇನ್ನೊಂದು ದಿನಾ ತೆಗೆದುಕೊಳ್ಳುವ ಸ್ಟೀರಾಯ್ಡ್ ಪಂಪು, ಒಳಗಿನ ಊತ ಇಳಿಸುವುದಕ್ಕೆ. ನೀಲಿಯದ್ದು ಕೂಡಲೇ ಆರಾಮ ಕೊಡುತ್ತದೆ, ಹಾಗಾಗಿ ಎಲ್ಲರಿಗೂ ಅದೇ ಇಷ್ಟ. ಇನ್ನೊಂದರ ಗುಣ ಕಣ್ಣಿಗೆ ಕಾಣುವುದಿಲ್ಲ, ಮಗು ನಾಲ್ಕು ದಿನ ಆರಾಮಿದ್ದರೆ ಕಪಾಟು ಸೇರುತ್ತದೆ. ಸ್ಟೀರಾಯ್ಡ್ ಅಂದರೆ ಬೆಳವಣಿಗೆ ನಿಲ್ಲುತ್ತದಾ ಅಂತ ಕೇಳುತ್ತಾರೆ. ಮುಚ್ಚಿಡುವುದು ಯಾಕೆ, ವರ್ಷಗಟ್ಟಲೆ ತೆಗೆದುಕೊಂಡ ಮಕ್ಕಳ ಎತ್ತರದಲ್ಲಿ ಒಂದು ಸೆಂಟಿಮೀಟರ್ ಆಸುಪಾಸಿನ ವ್ಯತ್ಯಾಸ ಕಂಡದ್ದುಂಟು. ರಾತ್ರಿಯೆಲ್ಲ ಕೆಮ್ಮಿ, ನಿದ್ದೆ ಇಲ್ಲದೆ, ತಿಂಗಳಿಗೊಮ್ಮೆ ಆಸ್ಪತ್ರೆ ಸೇರುವ ಮಗುವೂ ಸರಿಯಾಗಿ ಬೆಳೆಯುವುದಿಲ್ಲ. ನನ್ನ ಮಗನೇ ಆಗಿದ್ದರೆ ಪಂಪೇ ಕೊಡುತ್ತಿದ್ದೆ.

ಅದಿರಲಿ. ಹೊಸ ಪಂಪು ತರಿಸಿ, ಹೇಗೆ ತಗೊಳ್ತೀಯ ತೋರಿಸು ಅಂದೆ ಮಾಣಿಗೆ. ಸ್ಪೇಸರಿಗೆ, ಅಂದರೆ ಪಂಪಿನ ಔಷಧ ಹಿಡಿದಿಟ್ಟು ನಿಧಾನಕ್ಕೆ ಎಳೆದುಕೊಳ್ಳಲು ಬಿಡುವ ಕೊಳವೆಗೆ, ಪಂಪು ಸಿಕ್ಕಿಸಿ, ಅಲ್ಲಾಡಿಸದೆ, ಟಕ್ ಟಕ್ ಅಂತ ಎರಡು ಸಲ ಒಟ್ಟಿಗೇ ಒತ್ತಿ, ಒಂದೇ ಉಸಿರು ಎಳೆದು ಮುಗಿಸಿದ. ಸ್ಪೇಸರಿನ ಕೊಳವೆಯೊಳಗೆ ಬಿಳಿ ಮಂಜು ಹಾಗೇ ತೇಲುತ್ತಿತ್ತು. "ಅದು ಒಳಗೆ ಹೋಗಬೇಕಿತ್ತಲ್ವಾ?" ಅಂದೆ. ನಕ್ಕ. ಅಲ್ಲಾಡಿಸಬೇಕು, ಬಾಯಿ ಬಿಗಿಯಾಗಿ ಕಚ್ಚಿಕೊಳ್ಳಬೇಕು, ಒಮ್ಮೆ ಒತ್ತಬೇಕು, ನಿಧಾನಕ್ಕೆ ಐದಾರು ಉಸಿರು ಎಳೆಯಬೇಕು. ಆಮೇಲೆ ಇನ್ನೊಂದು. ಸ್ಟೀರಾಯ್ಡ್ ಪಂಪಾದರೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಸ್ಪೇಸರನ್ನು ಸೋಪಿನ ನೀರಿನಲ್ಲಿ ಅದ್ದಿ ತೆಗೆದು ಹಾಗೇ ಆರಲು ಬಿಡಿ, ಒಳಗೆ ಬಟ್ಟೆ ಹಾಕಿ ತಿಕ್ಕಬೇಡಿ. ತಿಕ್ಕಿದರೆ ಔಷಧ ಗೋಡೆಗೇ ಅಂಟುತ್ತದೆ.

ಮನೆಯ ವಿಷಯಕ್ಕೆ ಬಂದರೆ, ನಮ್ಮ ಮಳೆಗಾಲಕ್ಕೆ ಅಸ್ತಮಾ ಬರದಿದ್ದರೇ ಆಶ್ಚರ್ಯ. ಮೇಲೆ ಅಟ್ಟದಲ್ಲಿಟ್ಟ ಕಂಬಳಿ ಜೂನ್‌ನಲ್ಲಿ ಇಳಿಯುತ್ತದೆ. ಗೋಡೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಶಾಲೆ ಬ್ಯಾಗಿನ ಪಟ್ಟಿಗೂ ಬೂಷ್ಟು. ಯೂನಿಫಾರ್ಮ್ ಬಚ್ಚಲ ಒಲೆಯ ಮೇಲೆ ಒಣಗುತ್ತದೆ, ಹೊಗೆ ಹಿಡಿದುಕೊಂಡೇ ಶಾಲೆಗೆ ಹೋಗುತ್ತದೆ. ಹಾಸಿಗೆಯಲ್ಲಿ ಧೂಳಿನ ನುಸಿ. ತೆಂಗಿಗೆ ನುಸಿ ಪೀಡೆ ಬಂದದ್ದು ನೆನಪಿದೆಯಲ್ಲ, ಅದರದ್ದೇ ದೂರದ ನೆಂಟ. ಕಣ್ಣಿಗೆ ಕಾಣುವುದಿಲ್ಲ, ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತದೆ, ತೇವ ಇದ್ದರೆ ಹಬ್ಬ. ಅಲರ್ಜಿ ಹೆಚ್ಚಾಗಿ ಆಗುವುದು ಅದರ ಹಿಕ್ಕೆಯಿಂದ. ದುಬಾರಿ ಯಂತ್ರ ಬೇಡ. ಬಚ್ಚಲ ಹಂಡೆಯಲ್ಲಿ ಬಿಸಿನೀರು ಹೇಗೂ ಇರುತ್ತದೆ. ದಿಂಬಿನ ಚೀಲ, ಹೊದಿಕೆಯನ್ನು ವಾರಕ್ಕೊಮ್ಮೆ ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ನೆನೆಸಿ ಒಗೆದರೆ ನುಸಿ ಸಾಯುತ್ತದೆ. ಒಲೆಗೆ ಹಸಿ ಕಟ್ಟಿಗೆ ಹಾಕಿ ಊದುವಾಗ ಮಗುವನ್ನು ಆ ಕಡೆ ಬಿಡಬೇಡಿ. ಕೊಯ್ಲು ಶುರುವಾಗಿ ಅಡಿಕೆ ಬೇಯಿಸುವ ಒಲೆ ಹೊತ್ತಿದಾಗಲೂ ಹಾಗೇ.

ಬಾಳೆಹಣ್ಣು, ಮೊಸರು ಬಿಡಿಸುವುದರಿಂದ ಮಾತ್ರ ಏನೂ ಆಗುವುದಿಲ್ಲ. ತಂಬುಳಿ ಇಲ್ಲದೆ ಊಟ ಮಾಡಿಸುವುದು ಈ ಊರಿನ ಮಗುವಿಗೆ ಶಿಕ್ಷೆಯೇ. ತಿಂದಾಗಲೆಲ್ಲ ತೊಂದರೆ ಆಗುವುದು ಕಣ್ಣಾರೆ ಕಂಡಿದ್ದರೆ ಬಿಡಿ, ಇಲ್ಲದಿದ್ದರೆ ಕೊಡಿ.

ರಾತ್ರಿ ಉಬ್ಬಸ ಜೋರಾದರೆ ಸ್ಪೇಸರಿನಲ್ಲಿ ನೀಲಿ ಪಂಪು, ಒಂದೊಂದಾಗಿ 4ರಿಂದ 6 ಸಲ. 20 ನಿಮಿಷ ಬಿಟ್ಟು ಮತ್ತೆ ಕೊಡಬಹುದು. ಪೂರ್ತಿ ಒಂದು ವಾಕ್ಯ ಮಾತಾಡಲು ಆಗುತ್ತಿಲ್ಲ, ಪಕ್ಕೆ ಒಳಗೆ ಎಳೆಯುತ್ತಿದೆ, ತುಟಿ ನೀಲಿ, ಅಥವಾ ಅಲ್ಲಿಯವರೆಗೆ ಕೇಳುತ್ತಿದ್ದ ಸುಂಯ್ ಶಬ್ದ ನಿಂತು ಮಗು ಮಂಕಾಗಿದೆ ಅಂದರೆ ಕಾಯುವುದು ಬೇಡ, ದಾರಿಯುದ್ದಕ್ಕೂ ಪಂಪು ಕೊಡುತ್ತಲೇ ಆಸ್ಪತ್ರೆಗೆ ಬನ್ನಿ. ಶಬ್ದ ನಿಂತದ್ದನ್ನು ಕಮ್ಮಿಯಾಯಿತು ಅಂತ ತಿಳಿದು ಮಲಗಿಸಿದವರನ್ನು ನೋಡಿದ್ದೇನೆ. ಮಳೆಯಲ್ಲಿ ಘಟ್ಟ ಇಳಿದು ಕುಮಟಾಕ್ಕೋ, ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೋ ಓಡಬೇಕಾದ ಜಿಲ್ಲೆ ನಮ್ಮದು. ಹಾಗಾಗಿ ತುಂಬಿದ ನೀಲಿ ಪಂಪು ಮನೆಯಲ್ಲೊಂದು, ಶಾಲೆಯಲ್ಲಿ ಟೀಚರ್ ಹತ್ತಿರ ಒಂದು ಇರಲೇಬೇಕು.

ಮುಂದಿನ ಸಲ ಬರುವಾಗ ತಂದೆಯೂ ಬಂದಿದ್ದರು. ಡೇರಿಗೆ ಹಾಲು ಹಾಕಿದ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ 50ನೇ ದಿನಕ್ಕೆ ಕೆಂಪು ಸುತ್ತು ಹಾಕಿದ್ದೇವೆ ಅಂದರು. ಮಾಣಿ ಪಿ.ಟಿ. ಪೀರಿಯಡ್‌ನಲ್ಲಿ ಓಡುತ್ತಿದ್ದಾನಂತೆ. ಕಂಬಳಿ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ, ಒಗೆದರೆ ಹಾಳಾಗುತ್ತದೆ ಅಂತ ಅಜ್ಜಿ ಬಿಡುತ್ತಿಲ್ಲ.