ಲೈಂಗಿಕ ದೌರ್ಜನ್ಯದ ನಂತರ ಬರವಣಿಗೆ: ಏನು ಬರೆಯಬೇಕು, ಯಾವಾಗ ನಿಲ್ಲಿಸಬೇಕು

ಮುಂಬೈಯಲ್ಲಿ ಕೌನ್ಸೆಲಿಂಗ್ ಕಲಿಯುತ್ತಿರುವ ಕನ್ನಡದವರಿಗಾಗಿ ಈ ಟಿಪ್ಪಣಿ. ನಮ್ಮ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತೆ. ಆದರೆ ನಾಳೆ ನಮ್ಮೆದುರು ಬಂದು ಕೂರುವವರಲ್ಲಿ ಮುಲುಂಡ್, ಡೊಂಬಿವಲಿಯ ಕನ್ನಡದ ಹೆಣ್ಣುಮಕ್ಕಳೂ ಇರುತ್ತಾರೆ. "ಎಲ್ಲಾ ಬರೆದುಬಿಡಮ್ಮಾ, ಮನಸ್ಸು ಹಗುರಾಗುತ್ತೆ" ಅಂತ ಹೇಳಿ ಕಳಿಸೋದು ಸುಲಭ. ಅಷ್ಟೇ ಹೇಳಿದರೆ ಸಾಲದು, ಕೆಲವೊಮ್ಮೆ ನೋವು ಜಾಸ್ತಿಯೂ ಆಗಬಹುದು.

ಮೊದಲು ಹಿನ್ನೆಲೆ. 1986ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಶೋಧಕರಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು 4 ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ಕಾಡಿದ ಘಟನೆಯ ಬಗ್ಗೆ ಬರೆದರು. ಬರೆದ ತಕ್ಷಣ ಬೇಜಾರು ಹೆಚ್ಚೇ ಆಯಿತು. ಆದರೆ ಘಟನೆ, ಭಾವನೆ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಬಳಿ ಹೋಗಿದ್ದು ಕಡಿಮೆ. ದಿನದಿಂದ ದಿನಕ್ಕೆ ಬರಹದಲ್ಲಿ 'ಯಾಕಂದ್ರೆ', 'ಈಗ ಅರ್ಥವಾಗ್ತಿದೆ' ಅನ್ನುವಂಥ ಮಾತು ಹೆಚ್ಚಾದವರಿಗೆ ಲಾಭವೂ ಹೆಚ್ಚು ಅಂತ ಆಮೇಲಿನ ಅಧ್ಯಯನಗಳಲ್ಲಿ ಕಂಡಿತು. ಅಂದರೆ ಅದೇ ನೋವನ್ನು ಅದೇ ಮಾತಿನಲ್ಲಿ ಮತ್ತೆ ಮತ್ತೆ ಬರೆದರೆ ಪ್ರಯೋಜನ ಕಡಿಮೆ.

ನಮಗೆ ಇನ್ನೂ ಹತ್ತಿರದ್ದು ಅಮೆರಿಕದ ಮನೋವಿಜ್ಞಾನಿ ಪೆಟ್ರೀಷಿಯಾ ರೆಸಿಕ್ ಅವರ ಸಿಪಿಟಿ (ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ), ಅಂದರೆ ಆಘಾತದ ನಂತರ ಮನಸ್ಸಲ್ಲಿ ಕೂತ ನಂಬಿಕೆಗಳನ್ನು ಪರೀಕ್ಷಿಸಿ ನೋಡುವ ಚಿಕಿತ್ಸೆ. ಅದು ಶುರುವಾದದ್ದೇ ಅತ್ಯಾಚಾರಕ್ಕೆ ಒಳಗಾದ ಮಹಿಳೆಯರ ಜೊತೆ ಕೆಲಸ ಮಾಡುತ್ತಾ. ಸಾಮಾನ್ಯವಾಗಿ 12 ಭೇಟಿ. ಮೊದಲ ಬರವಣಿಗೆಯಲ್ಲಿ ಘಟನೆಯ ವಿವರ ಕೇಳುವುದೇ ಇಲ್ಲ. 'ಇದು ಯಾಕಾಯಿತು ಅಂತ ನಿಮಗೆ ಅನಿಸುತ್ತೆ? ನಿಮ್ಮ ಬಗ್ಗೆ, ಬೇರೆಯವರ ಬಗ್ಗೆ, ಜಗತ್ತಿನ ಬಗ್ಗೆ ನಿಮ್ಮ ನಂಬಿಕೆ ಹೇಗೆ ಬದಲಾಯಿತು?' ಇಷ್ಟೇ ಪ್ರಶ್ನೆ. ನನಗೆ ಇಡೀ ಪಾಠದಲ್ಲಿ ಅತ್ಯಂತ ಮುಖ್ಯ ಅನಿಸಿದ್ದು ಇದು.

ಅಭ್ಯಾಸಕ್ಕೆ ನಾನೇ ಕಟ್ಟಿದ ಉದಾಹರಣೆ ನೋಡಿ. ಒಬ್ಬಾಕೆ ಹೀಗೆ ಬರೆಯುತ್ತಾಳೆ: "ನಾನು ಕೂಗಲಿಲ್ಲ. ಕೂಗದೆ ಇದ್ದಿದ್ದಕ್ಕೇ ಹೀಗಾಯ್ತು. ತಪ್ಪು ನಂದೇ." ಇಲ್ಲಿ 'ಅಯ್ಯೋ, ಹಾಗೆಲ್ಲ ಅನ್ಕೋಬೇಡಮ್ಮಾ' ಅಂತ ನಾವು ಬಾಯಿ ಹಾಕಬಾರದು. ಕೇಳಬೇಕು: ಆ ಕ್ಷಣ ನಿನ್ನ ಮೈ ಹೇಗಿತ್ತು? ಕೂಗೋಕೆ ಸಾಧ್ಯವಿತ್ತಾ? ಆ ದೌರ್ಜನ್ಯ ಮಾಡಬೇಕು ಅಂತ ತೀರ್ಮಾನ ಮಾಡಿದ್ದು ಯಾರು? ವಿಪರೀತ ಭಯದಲ್ಲಿ ಮೈ ಮರಗಟ್ಟಿ ದನಿಯೇ ಹೊರಡದಿರುವುದು ಅನೇಕರಿಗೆ ಆಗುವ ಅನುಭವ. ಅದು ಒಪ್ಪಿಗೆ ಅಲ್ಲ. ಕೆಲವು ವಾರಗಳ ನಂತರ ಅದೇ ಸಾಲು ಹೀಗಾಗಬಹುದು: "ಕೂಗೋಕೆ ಆಗಲಿಲ್ಲ, ಯಾಕಂದ್ರೆ ಮೈ ಕಲ್ಲಾಗಿತ್ತು. ತಪ್ಪು ಮಾಡಿದ್ದು ಅವನು." ಸಿಪಿಟಿಯಲ್ಲಿ ಈ ಬರಹವನ್ನು ಕೊನೆಗೆ ಹೊಸದಾಗಿ ಬರೆಸುತ್ತಾರೆ, ಹಳೆಯದರ ಪಕ್ಕ ಇಟ್ಟು ಓದುತ್ತಾರೆ.

ಘಟನೆಯನ್ನೇ ವಿವರವಾಗಿ ಬರೆಸುವ ಪದ್ಧತಿಯೂ ಇದೆ. ಡೆನಿಸ್ ಸ್ಲೋನ್ ಮತ್ತು ಬ್ರಯನ್ ಮಾರ್ಕ್ಸ್ ರೂಪಿಸಿದ್ದು, 5 ಭೇಟಿ, ಪ್ರತಿ ಸಲ 30 ನಿಮಿಷ ಬರವಣಿಗೆ. ಇದನ್ನು ತರಬೇತಾದ ಚಿಕಿತ್ಸಕರೇ ನಡೆಸಬೇಕು. ಮನೆಯಲ್ಲಿ ಒಬ್ಬರೇ ಕೂತು ಮಾಡೋದಲ್ಲ.

ಈಗ ಪುಸ್ತಕದಲ್ಲಿ ಬರೆಯದ ಮಾತು. ಒಂದೇ ಕೋಣೆ, ಒಂದು ಅಡುಗೆಮನೆ ಇರುವ ಚಾಳಿನಲ್ಲಿ ಆ ನೋಟ್‌ಬುಕ್ ಎಲ್ಲಿಡೋದು? ಅಪರಾಧಿ ಮನೆಯವನೇ ಆಗಿದ್ದರೆ? ಬರೆಸುವ ಮೊದಲು ಇದನ್ನು ಕೇಳಲೇಬೇಕು. ಕೌನ್ಸೆಲಿಂಗ್ ಕೇಂದ್ರದಲ್ಲೇ ಕೂತು ಬರೆಯಬಹುದು. ಬರೆದು ಹರಿದು ಹಾಕಬಹುದು. ಕನ್ನಡ, ತುಳು, ಹಿಂದಿ ಬೆರೆತರೂ ಪರವಾಗಿಲ್ಲ, ಕಾಗುಣಿತ ಯಾರೂ ನೋಡಲ್ಲ. 'ತೋರಿಸು' ಅಂತ ಒತ್ತಾಯಿಸಬೇಡಿ. ಕೋರ್ಟಿನಲ್ಲಿ ಕೇಸ್ ನಡೆಯುತ್ತಿದ್ದರೆ, ವಿವರ ಬರೆಯುವ ಮೊದಲು ವಕೀಲರನ್ನು ಕೇಳಲು ಹೇಳಿ.

ಘಟನೆ ನಡೆದ ಮೊದಲ ದಿನಗಳಲ್ಲಿ ಬರೆಸಲು ಹೋಗಬೇಡಿ. ಆಗ ಬೇಕಾದದ್ದು ಸುರಕ್ಷತೆ, ನಿದ್ದೆ, ವೈದ್ಯಕೀಯ ಆರೈಕೆ. ಸಂತ್ರಸ್ತರಿಗೆ ಸರ್ಕಾರಿ, ಖಾಸಗಿ ಎರಡೂ ಆಸ್ಪತ್ರೆಗಳು ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು ಅಂತ ಕಾನೂನಿದೆ. ಮುಂದೆ ಬರೆಯುವಾಗಲೂ ಕೈ ನಡುಗಿದರೆ, ಘಟನೆ ಈಗಲೇ ನಡೆಯುತ್ತಿದೆ ಅನಿಸಿದರೆ ಪೆನ್ನು ಕೆಳಗಿಡಬೇಕು. ನಿಲ್ಲಿಸುವ ಹಕ್ಕು ಪೂರ್ತಿ ಬರೆಯುವವಳದು. ಇದನ್ನು ಮೊದಲೇ ಬಾಯಿಬಿಟ್ಟು ಹೇಳಿ, ಯಾಕಂದ್ರೆ ಆವತ್ತು ಅವಳ 'ಬೇಡ'ಕ್ಕೆ ಬೆಲೆಯೇ ಇರಲಿಲ್ಲ.

ಸಾಯುವ ಯೋಚನೆ ಬಂದರೆ ಬರವಣಿಗೆ ಬದಿಗಿಟ್ಟು ತಕ್ಷಣ ಸಹಾಯ ಕೊಡಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಮುಂಬೈ ಪಾಲಿಕೆಯ ಆಸ್ಪತ್ರೆಗಳಲ್ಲಿ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ನೆರವಾಗುವ ದಿಲಾಸಾ ಕೇಂದ್ರಗಳಿವೆ, ಮೊದಲನೆಯದು ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ರಲ್ಲಿ ಶುರುವಾಯಿತು. ನಮ್ಮ ಫೀಲ್ಡ್‌ವರ್ಕ್ ವಾರ್ಡಿಗೆ ಹತ್ತಿರದ ಕೇಂದ್ರ ಯಾವುದು ಅಂತ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.