ಹಡಗಿನಲ್ಲಿ ಕಾರ್ಡು ಎಲ್ಲಿಯವರೆಗೆ ನಡೆಯುತ್ತದೆ?

ಕ್ರೂಸ್ ಹೊರಡುವ ದಿನ ಮಧ್ಯಾಹ್ನ ನಮ್ಮ ಗೆಸ್ಟ್ ಸರ್ವೀಸಸ್ ಕೌಂಟರಿನ ಹಿಂದೆ ಒಂದು ಪ್ಲಾಸ್ಟಿಕ್ ಕ್ರೇಟು ಮೆಲ್ಲಗೆ ತುಂಬುತ್ತಿತ್ತು. ಇಸ್ತ್ರಿಪೆಟ್ಟಿಗೆ, ಕೆಟಲ್, ಮೇಣದ ಬತ್ತಿ, ಎಕ್ಸ್‌ಟೆನ್ಷನ್ ಬಾಕ್ಸು, ಹೀಗೆ ಲಗೇಜ್ ಸ್ಕ್ಯಾನರಿನಲ್ಲಿ ಸಿಕ್ಕಿಬಿದ್ದ ಸಾಮಾನು. ಒಂದೊಂದಕ್ಕೂ ಕ್ಯಾಬಿನ್ ನಂಬರಿನ ಚೀಟಿ. ಒಮ್ಮೆ ಹಿರಿಯರೊಬ್ಬರು ಬಂದು, ಏನೂ ಹೇಳದೆ ತಮ್ಮ ಕಾರ್ಡನ್ನು ನನ್ನ ಮುಂದಿಟ್ಟರು. ಮತ್ತೆ ಮತ್ತೆ ಬರುವ ಪ್ರಯಾಣಿಕರಿಗೆಂದು ಕಂಪನಿ ನಡೆಸುವ ಲಾಯಲ್ಟಿ ಕ್ಲಬ್ಬಿನಲ್ಲಿ ಮೇಲಿನಿಂದ ಎರಡನೇ ದರ್ಜೆ. ಆಮೇಲೆ, "ನನ್ನ ಎಕ್ಸ್‌ಟೆನ್ಷನ್ ಬಾಕ್ಸ್ ನಿಮ್ಮ ಹತ್ತಿರ ಇದೆಯಂತೆ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಕಾರ್ಡು ಕಂಡಮೇಲೆ ಬಾಕ್ಸು ಬಂದೇ ಬರುತ್ತದೆ ಎಂಬ ನೆಮ್ಮದಿ ಇತ್ತು.

ಬಾಕ್ಸು ಬರಲಿಲ್ಲ.

ಹಡಗಿನ ನಿಯಮಗಳಲ್ಲಿ ಕೆಲವು ಕಂಪನಿಯವು, ಕೆಲವು ಸಮುದ್ರದವು. ಕಂಪನಿಯದ್ದು ಕಾರ್ಡು ನೋಡಿ ಸ್ವಲ್ಪ ಬಗ್ಗುತ್ತದೆ, ಸಮುದ್ರದ್ದು ಬಗ್ಗುವುದಿಲ್ಲ. ಎರಡೂ ಒಂದೇ ಎಂದುಕೊಂಡು ಕೌಂಟರಿಗೆ ಬಂದವರ ಜೊತೆಯೇ ನನ್ನ ಹೆಚ್ಚಿನ ವಾಗ್ವಾದಗಳು ನಡೆದಿವೆ.

ಆ ಬಾಕ್ಸಿನ ವಿಷಯವನ್ನೇ ತೆಗೆದುಕೊಳ್ಳಿ. ಅದರೊಳಗೆ ಸ್ಪೈಕ್ ಗಾರ್ಡ್, ಅಂದರೆ ಕರೆಂಟು ಏಕಾಏಕಿ ಏರಿದರೆ ಉಪಕರಣ ಕಾಯುವ ಸಾಧನ, ಇತ್ತು. ಮನೆಯ ವೈರಿಂಗಿನಲ್ಲಿ ಎರಡು ತಂತಿಗಳಲ್ಲಿ ಒಂದು ನ್ಯೂಟ್ರಲ್, ಅದಕ್ಕೆ ನೆಲದ ನಂಟಿರುತ್ತದೆ. ಹಡಗಿನಲ್ಲಿ ಸಾಮಾನ್ಯವಾಗಿ ಎರಡು ತಂತಿಯಲ್ಲೂ ಕರೆಂಟು ಇರುತ್ತದೆ, ಯಾವುದೂ ಹಡಗಿನ ಮೈಗೆ ಸೇರಿರುವುದಿಲ್ಲ. ಮನೆಗೆಂದು ಮಾಡಿದ ಸ್ಪೈಕ್ ಗಾರ್ಡ್ ಒಂದೇ ತಂತಿಯನ್ನು ಕಡಿದು ತನ್ನ ಕೆಲಸ ಮುಗಿಯಿತು ಅಂದುಕೊಳ್ಳುತ್ತದೆ. ಇನ್ನೊಂದು ತಂತಿಯ ಕರೆಂಟು ಹಾಗೇ ಇರುತ್ತದೆ, ಬಾಕ್ಸು ಕಾದು ಕಾದು ಹೊತ್ತಿಕೊಳ್ಳಬಹುದು. ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ಸಾವಿರಾರು ಜನ ಮಲಗಿರುವ ಹಡಗಿನಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ಬೀದಿಯಿಲ್ಲ. ಇಸ್ತ್ರಿಪೆಟ್ಟಿಗೆ, ಮೇಣದ ಬತ್ತಿಗಳಿಗೂ ಇದೇ ಉತ್ತರ. 2006ರ ಮಾರ್ಚಿನಲ್ಲಿ ಜಮೈಕಾದತ್ತ ಹೊರಟಿದ್ದ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಗಳಲ್ಲಿ ನಸುಕಿನಲ್ಲಿ ಬೆಂಕಿ ಹಬ್ಬಿ ನೂರಕ್ಕೂ ಹೆಚ್ಚು ಕ್ಯಾಬಿನ್ನುಗಳು ಹಾಳಾದವು, ಪ್ರಯಾಣಿಕರೊಬ್ಬರು ತೀರಿಕೊಂಡರು. ಆರಿಸದೆ ಎಸೆದ ಸಿಗರೇಟಿನ ತುಂಡೇ ಕಾರಣವಿರಬೇಕು ಎಂದು ತನಿಖೆ ಹೇಳಿತು. ಬಾಲ್ಕನಿಯಲ್ಲಿ ಸೇದಬೇಡಿ ಅಂದಾಗ ಮುಖ ಸಿಂಡರಿಸುವವರಿಗೆ ನಾನು ಈ ಕತೆಯನ್ನೇ ಹೇಳುತ್ತಿದ್ದೆ.

ಅಪಾಯದ ಹೊತ್ತಿನಲ್ಲಿ ಎಲ್ಲಿ ಸೇರಬೇಕೆಂದು ಕಲಿಸುವ ಮಸ್ಟರ್ ಡ್ರಿಲ್ಲಿನದೂ ಇಂಥದೇ ಕತೆ. ಹತ್ತಿದವರಿಗೆ ಡ್ರಿಲ್ ಮಾಡಿಸಲು ಮೊದಲು 24 ಗಂಟೆ ಕಾಲಾವಕಾಶವಿತ್ತು. 2012ರ ಜನವರಿ 13ರ ರಾತ್ರಿ ಕೋಸ್ಟಾ ಕಾಂಕೋರ್ಡಿಯಾ ಇಟಲಿಯ ಜಿಲಿಯೊ ದ್ವೀಪದ ಬಂಡೆಗೆ ಬಡಿದಾಗ, ಅದೇ ಸಂಜೆ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. 32 ಜನ ಸತ್ತರು. ಅಂತರರಾಷ್ಟ್ರೀಯ ನಿಯಮ ಬದಲಾಗಿ, 2015ರ ಜನವರಿ 1ರಿಂದ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಡ್ರಿಲ್ ಆಗಬೇಕು. ಈಗ ಅನೇಕ ಹಡಗುಗಳಲ್ಲಿ ಫೋನಿನಲ್ಲೇ ವಿಡಿಯೊ ನೋಡಿ, ನಿಮ್ಮ ಮಸ್ಟರ್ ಸ್ಟೇಷನ್ನಿಗೆ ಹೋಗಿ ಕಾರ್ಡು ಸ್ಕ್ಯಾನ್ ಮಾಡಿಸಿದರೆ ಮುಗಿಯಿತು. ಹತ್ತಿದ ತಕ್ಷಣ ಊಟಕ್ಕಿಂತ ಮೊದಲು ಇದನ್ನು ಮುಗಿಸಿಬಿಡಿ. ಏಳು ಗಿಡ್ಡ ಹಾರ್ನ್, ಆಮೇಲೆ ಒಂದು ಉದ್ದ ಹಾರ್ನ್ ಕೇಳಿದರೆ ಎಲ್ಲಿಗೆ ಹೋಗಬೇಕೆಂಬುದು ಕಾಲಿಗೇ ಗೊತ್ತಿರಬೇಕು. ನೂರು ಸಲ ಡ್ರಿಲ್ ನೋಡಿದ್ದೇನೆ ಅನ್ನುವವರೂ ಹೋಗಲೇಬೇಕು. ಹೋದ ಸಲದ ಹಡಗಿನ ಸ್ಟೇಷನ್ ಈ ಹಡಗಿನಲ್ಲಿ ಇರುವುದಿಲ್ಲವಲ್ಲ!

ಇನ್ನು ಬಂದರಿನಿಂದ ವಾಪಸು ಬರುವ ಹೊತ್ತು. ಸಾಮಾನ್ಯವಾಗಿ ಹಡಗು ಬಿಡುವ ಅರ್ಧ ಗಂಟೆ ಮೊದಲು ಎಲ್ಲರೂ ಒಳಗಿರಬೇಕು. ಇಲ್ಲಿ ಎಡವುವುದು ಗಡಿಯಾರದಲ್ಲಿ. ಹಡಗಿನ ಸಮಯವೂ ಬಂದರಿನ ಸಮಯವೂ ಬೇರೆಯಾಗಿರಬಹುದು, ದಡದಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ಫೋನು ತಾನಾಗಿ ಬಂದರಿನ ಸಮಯಕ್ಕೆ ಜಿಗಿಯುತ್ತದೆ. ಸಾದಾ ಕೈಗಡಿಯಾರ ಕಟ್ಟಿಕೊಂಡು ಹೋಗಿ. ಗ್ಯಾಂಗ್‌ವೇಯ, ಅಂದರೆ ಹಡಗು ಹತ್ತಿ ಇಳಿಯುವ ಸೇತುವೆಯ, ಲೆಕ್ಕದಲ್ಲಿ ಇಬ್ಬರು ಕಡಿಮೆ ಬಂದರೆ ಮೊದಲು ಸ್ಪೀಕರಿನಲ್ಲಿ ಹೆಸರು ಕೂಗುತ್ತಾರೆ. ಆಮೇಲೆ ಸೆಕ್ಯುರಿಟಿಯವರು ಕ್ಯಾಬಿನ್ನಿಗೆ ಹೋಗಿ, ತಿಜೋರಿಯಲ್ಲಿ ಪಾಸ್‌ಪೋರ್ಟ್ ಇದ್ದರೆ ತೆಗೆದು ಬಂದರಿನ ಏಜೆಂಟರ ಕೈಗೆ ಕೊಡುತ್ತಾರೆ. ಏಜೆಂಟರು ಆ ಲಕೋಟೆ ಹಿಡಿದು ಗ್ಯಾಂಗ್‌ವೇ ಇಳಿದರೆಂದರೆ ಹಗ್ಗ ಬಿಚ್ಚುವುದಷ್ಟೇ ಬಾಕಿ. ಅಂಥ ಒಂದು ಸಂಜೆ ಹಣ್ಣಿನ ಚೀಲ ಹಿಡಿದ ದಂಪತಿ ಓಡಿ ಬಂದಾಗ ಹಡಗಿಗೂ ದಡಕ್ಕೂ ನಡುವೆ ಹತ್ತು ಅಡಿ ನೀರಿತ್ತು. ಮೇಲಿನ ಡೆಕ್ಕುಗಳಲ್ಲಿ ನಿಂತವರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಇವತ್ತಿಗೂ ಹಿಡಿಸುವುದಿಲ್ಲ. ಕಂಪನಿಯ ಮೂಲಕವೇ ಬುಕ್ ಮಾಡಿದ ಟೂರಿನ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಕಂಪನಿ ನಿಮ್ಮನ್ನು ಮುಂದಿನ ಬಂದರಿಗೆ ತಲುಪಿಸುತ್ತದೆ. ಸ್ವಂತವಾಗಿ ಸುತ್ತಲು ಹೋದರೆ ಆ ಖರ್ಚು ನಿಮ್ಮದೇ, ಯಾವ ದರ್ಜೆಯ ಕಾರ್ಡಿದ್ದರೂ.

ಕೈ ತೊಳೆಯುವುದನ್ನು ಸಣ್ಣ ಮಾತೆಂದು ತಿಳಿಯಬೇಡಿ. ಹಡಗನ್ನು ಮಲಗಿಸುವ ವಾಂತಿಭೇದಿ ಹೆಚ್ಚಾಗಿ ನೋರೊವೈರಸ್ಸಿನಿಂದ ಬರುತ್ತದೆ. ಅದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಸೋಪು, ನೀರು ಬೇಕು. ಅಮೆರಿಕದ ಬಂದರುಗಳಿಗೆ ಬರುವ ಹಡಗುಗಳಲ್ಲಿ ಪ್ರಯಾಣಿಕರ ಅಥವಾ ಸಿಬ್ಬಂದಿಯ ಪೈಕಿ ಶೇ. 3ರಷ್ಟು ಮಂದಿಗೆ ಕಾಯಿಲೆ ಕಾಣಿಸಿಕೊಂಡರೆ ಅಲ್ಲಿನ ಆರೋಗ್ಯ ಸಂಸ್ಥೆ ಸಿಡಿಸಿ ಆ ಹಡಗಿನ ಹೆಸರನ್ನು ಬಹಿರಂಗಪಡಿಸುತ್ತದೆ. ಕ್ಯಾಬಿನ್ನಿನಲ್ಲೇ ಕೂಡಿಹಾಕುತ್ತಾರೆಂದು ಹೆದರಿ ವಾಂತಿಯನ್ನು ಮುಚ್ಚಿಟ್ಟು ಬಫೆಗೆ ಬಂದವರನ್ನು ನೋಡಿದ್ದೇನೆ. ಅವರು ಬಡಿಸಿಕೊಂಡ ಇಕ್ಕಳವನ್ನೇ ಹಿಡಿಯಲು ಸಾಲಿನಲ್ಲಿ ಅವರ ಹಿಂದೆ ಎಂಬತ್ತು ಜನ.

ಲಿಫ್ಟಿನಿಂದ ಇಳಿಯುವವರಿಗೆ ಮೊದಲು ದಾರಿ ಬಿಡುವುದು, ಕಾರಿಡಾರಿನಲ್ಲಿ ನಡುರಾತ್ರಿ ಬಾಗಿಲು ಬಡಿಯದಿರುವುದು, ಇವನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಈಜುಕೊಳದ ಕುರ್ಚಿಯದ್ದು ಮಾತ್ರ ಬೇರೆಯೇ ಪುರಾಣ. ಬೆಳಿಗ್ಗೆ ಆರಕ್ಕೆ ಒಂದು ಟವೆಲ್, ಅದರ ಮೇಲೆ ಒಂದೇ ಒಂದು ಚಪ್ಪಲಿ. ಯಜಮಾನರು ಪ್ರತ್ಯಕ್ಷವಾಗುವುದು ಹನ್ನೊಂದಕ್ಕೆ. ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳಲ್ಲಿ 30 ನಿಮಿಷ, ಕಾರ್ನಿವಲ್ ಕಂಪನಿಯವುಗಳಲ್ಲಿ 40 ನಿಮಿಷ ಯಾರೂ ಬಾರದಿದ್ದರೆ ಸಾಮಾನು ತೆಗೆದಿಡಬಹುದೆಂಬ ನಿಯಮವಿದೆ. ಆದರೆ ಅದನ್ನು ಜಾರಿ ಮಾಡಬೇಕಾದವನು ಪ್ರಯಾಣಿಕರ ಮೆಚ್ಚುಗೆಯ ಅಂಕಗಳನ್ನೇ ನಂಬಿದ ಡೆಕ್ ಹುಡುಗ, ಪಾಪ. ನೀವೇ ಆ ಟವೆಲಿಗೆ ಕೈ ಹಾಕಬೇಡಿ. ಅವನನ್ನು ಕರೆಯಿರಿ, ಎಷ್ಟು ಹೊತ್ತಿನಿಂದ ಖಾಲಿಯಿದೆ ಎಂದು ಹೇಳಿ.

ಟಿಪ್ಪಿನ ಬಗ್ಗೆ ನನ್ನದು ಪಕ್ಷಪಾತದ ಅಭಿಪ್ರಾಯ, ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ದೊಡ್ಡ ಕಂಪನಿಗಳು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುತ್ತವೆ. ಬೇಡವೆಂದರೆ ಅನೇಕ ಕಡೆ ತೆಗೆಸಬಹುದು. ಕೊನೆಯ ರಾತ್ರಿ ಅದಕ್ಕೇ ಒಂದು ಸಾಲು ನಿಲ್ಲುತ್ತಿತ್ತು. ತೆಗೆದುಕೊಡುವುದು ನನ್ನ ಕೆಲಸ, ತೆಗೆದುಕೊಟ್ಟಿದ್ದೇನೆ. "ನಮ್ಮ ಕ್ಯಾಬಿನ್ ಹುಡುಗನಿಗೆ ಕೈಯಲ್ಲೇ ಕೊಟ್ಟಿದ್ದೇವೆ" ಅನ್ನುವರು. ಆದರೆ ಬಿಲ್ಲಿಗೆ ಸೇರಿಸಿದ ಆ ದುಡ್ಡಿನಲ್ಲಿ ನಿಮ್ಮ ಕಣ್ಣಿಗೆ ಬೀಳದೆ ಕೆಳಗೆ ದುಡಿಯುವವರ ಪಾಲೂ ಇರುತ್ತದೆ.

ಈಗ ಕಾರ್ಡಿನ ಮಾತಿಗೆ ಬರೋಣ. ರಾಯಲ್ ಕೆರಿಬಿಯನ್‌ನ ಕ್ರೌನ್ ಅಂಡ್ ಆಂಕರ್ ಕ್ಲಬ್ಬಿನಲ್ಲಿ ಒಂದು ರಾತ್ರಿಗೆ ಒಂದು ಪಾಯಿಂಟು, ದೊಡ್ಡ ಕ್ಯಾಬಿನ್ನು, ಅಂದರೆ ಸೂಟ್, ಹಿಡಿದರೆ ಎರಡು. 80ಕ್ಕೆ ಡೈಮಂಡ್, 175ಕ್ಕೆ ಡೈಮಂಡ್ ಪ್ಲಸ್, 700ಕ್ಕೆ ಪಿನಾಕಲ್. ಡೈಮಂಡ್ ಆದವರಿಗೆ ದಿನಕ್ಕೆ ನಾಲ್ಕು ಡ್ರಿಂಕ್ಸ್ ಉಚಿತ. ಒಂದೇ ಮನೆಯಲ್ಲಿರುವ ಗಂಡ ಹೆಂಡತಿಯಲ್ಲಿ ಒಬ್ಬರ ದರ್ಜೆ ಇನ್ನೊಬ್ಬರಿಗೂ ಸಿಗುತ್ತದೆ. ಪ್ರಿನ್ಸೆಸ್ ಕಂಪನಿಯಲ್ಲಿ ಎಲೀಟ್ ಆಗಲು 15 ಪ್ರಯಾಣ ಮುಗಿಸಿರಬೇಕು ಅಥವಾ 150 ದಿನ ದಾಟಿರಬೇಕು. ಆಮೇಲೆ ಬಟ್ಟೆ ಒಗೆಸಲು ದುಡ್ಡಿಲ್ಲ. ನನ್ನನ್ನು ಕೇಳಿದರೆ ಎಲ್ಲ ಸವಲತ್ತುಗಳಲ್ಲಿ ಇದೇ ದೊಡ್ಡದು. ಎರಡು ವಾರದ ಪ್ರಯಾಣಕ್ಕೆ ಒಂದೇ ಸಣ್ಣ ಸೂಟ್‌ಕೇಸು ಸಾಕು. ಅದರ ನಂತರದ್ದು, ಹಡಗು ದಡ ಮುಟ್ಟಲಾಗದ ಕಡೆ ಟೆಂಡರ್ ದೋಣಿಗೆ ಮೊದಲು ಹತ್ತಿಸುವುದು; ಅಲ್ಲಿ ಉಳಿಯುವ ಒಂದು ಗಂಟೆ ನಿಜವಾದ ಲಾಭ. ದಿಂಬಿನ ಮೇಲಿಡುವ ಪಿನ್ನು, ಸ್ವಾಗತದ ಪತ್ರ, ಇವಕ್ಕೆ ಮರುಳಾಗಬೇಡಿ.

ಈ ಲೆಕ್ಕವೂ ಶಾಶ್ವತವಲ್ಲ. ರಾತ್ರಿಗಳ ಬದಲು ಖರ್ಚು ಮಾಡಿದ ದುಡ್ಡನ್ನೇ ಎಣಿಸುವ ಪದ್ಧತಿಗೆ ಹೋಗುವುದಾಗಿ ಕಾರ್ನಿವಲ್ 2025ರಲ್ಲಿ ಪ್ರಕಟಿಸಿತು. ಇನ್ನೊಂದೆಡೆ ಎಂಎಸ್‌ಸಿ ಎಂಬ ಕ್ರೂಸ್ ಕಂಪನಿ ಬೇರೆ ಕಂಪನಿಯ ದರ್ಜೆಯನ್ನೂ ಲೆಕ್ಕಕ್ಕೆ ಹಿಡಿದು ತನ್ನಲ್ಲಿ ಸಮಾನ ದರ್ಜೆ ಕೊಡುತ್ತದೆ. ದರ್ಜೆಗಾಗಿಯೇ ಒಂದೇ ಕಂಪನಿಗೆ ಅಂಟಿಕೊಂಡು, ಬೇಡದ ಮಾರ್ಗದಲ್ಲಿ ರಾತ್ರಿ ಎಣಿಸಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಕೆಲವು ಪ್ರಯಾಣಗಳಲ್ಲಿ ಮೇಲ್ದರ್ಜೆಯವರೇ ಎಷ್ಟಿರುತ್ತಿದ್ದರೆಂದರೆ ಅವರ ಲೌಂಜಿನಲ್ಲಿ ಕೂರಲು ಜಾಗವಿರದೆ ಹೊರಗೆ ಸಾಲು ನಿಲ್ಲುತ್ತಿತ್ತು.

ಕೊನೆಯ ಬೆಳಿಗ್ಗೆ ಕ್ರೇಟು ಗ್ಯಾಂಗ್‌ವೇ ಪಕ್ಕದ ಮೇಜಿಗೆ ಬರುತ್ತದೆ. ಆ ಹಿರಿಯರು ಬೇಗ ಇಳಿಯುವ ಸವಲತ್ತು ಬಿಟ್ಟು ಅಲ್ಲಿ ನಿಂತಿದ್ದರು, ಅವರ ಮುಂದೆ ಇಸ್ತ್ರಿಪೆಟ್ಟಿಗೆಗಾಗಿ ಕಾದ ಏಳೆಂಟು ಜನ. ಬಾಕ್ಸು ಕೊಟ್ಟು ಸಹಿ ಹಾಕಿಸಿಕೊಂಡೆ. "ಈ ಸಾಲಿಗೆ ಪ್ರಯಾರಿಟಿ ಇಲ್ಲವೇ?" ಎಂದು ಕೇಳಿದರು, ನಗುತ್ತಲೇ. ಆಮೇಲೆ ವೈರನ್ನು ಕೈಗೆ ಸುತ್ತಿಕೊಳ್ಳುತ್ತಾ, ಮೇಲಿನ ದರ್ಜೆಗೆ ಇನ್ನು ಎಷ್ಟು ರಾತ್ರಿ ಬಾಕಿ ನೋಡಿ ಹೇಳಿ ಅಂದರು.